1 ಟಿಬಿ ಹಾರ್ಡ್‌ಡಿಸ್ಕ್ ಲಿನಕ್ಸಿನಲ್ಲಿ ತೆರೆಯುತ್ತಿಲ್ಲ. ನಾಳೆ ಸಂಜೆಯೊಳಗೆ ಅದರಿಂದ ಒಂದು ಫೋಟೊ ಬೇಕು

ಮೊಳೆಜೋಡಣೆ, ತುಮಕೂರು (ಮಂಗಳವಾರ, ರಾತ್ರಿ 9.50)

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಅಪ್ಪನ ಕಾಲದಲ್ಲಿ ಅಲ್ಲಿ ಟ್ರೆಡಲ್ ಪ್ರೆಸ್ ಇತ್ತು. ಎಂಟನೆಯ ತರಗತಿಯಲ್ಲಿದ್ದಾಗಲೇ ಮೊಳೆ ಜೋಡಿಸಲು ಕಲಿತವಳು ನಾನು. ಈ ಹೆಸರು ಅಲ್ಲಿಂದ ಬಂದದ್ದು. ಮೊಳೆ ಕೆಳಗೆ ಬಿದ್ದರೆ ಬಗ್ಗಿ ಹೆಕ್ಕಬಹುದಿತ್ತು. ಈಗ ಕಳೆದಿರುವುದನ್ನು ಎಲ್ಲಿ ಬಗ್ಗಿ ಹುಡುಕಬೇಕೋ ತಿಳಿಯುತ್ತಿಲ್ಲ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಒಂದರಲ್ಲಿ ವಿಂಡೋಸ್ 10. ನುಡಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಎಲ್ಲ ಇರುವುದು ಅದರಲ್ಲೇ, ಅನ್ನ ಹಾಕುವ ಯಂತ್ರ ಅದು. ಇನ್ನೊಂದು 4 ಜಿಬಿ ಮೆಮೊರಿಯ ಹಳೆಯ ಡಬ್ಬ. 2019ರ ಕೊನೆಯಲ್ಲಿ ಅಕ್ಕನ ಮಗ ಪೆನ್‌ಡ್ರೈವಿನಿಂದ ಅದಕ್ಕೆ ವಿಂಡೋಸಿನ ಬದಲು ಡೆಬಿಯನ್ 10 ಎಂಬ ಲಿನಕ್ಸ್ ಹಾಕಿಕೊಟ್ಟ. ಅದಕ್ಕೆ ಇರುವುದು ಒಂದೇ ಕೆಲಸ: ಗಿರಾಕಿಗಳು ತರುವ ಪೆನ್‌ಡ್ರೈವ್ ತೆರೆಯುವುದು. ಆ ಪೆನ್‌ಡ್ರೈವುಗಳು ಹತ್ತೂರಿನ ನೀರು ಕುಡಿದು ಬಂದಿರುತ್ತವೆ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ ಒಮ್ಮೆ ನನ್ನ ವಿಂಡೋಸ್ ಯಂತ್ರಕ್ಕೆ ಹತ್ತಿ, ಮದುವೆಯ ತಿಂಗಳಿನಲ್ಲಿ ಮೂರು ದಿನ ಬಾಗಿಲು ಹಾಕಿದ್ದೆ. ಅಂದಿನಿಂದ ಹೊರಗಿನದ್ದು ಏನೇ ಬಂದರೂ ಮೊದಲು ಡೆಬಿಯನ್‌ಗೆ, ಅಲ್ಲಿ ಸೋಸಿ ಆಮೇಲೆ ಒಳಗೆ. ಹುಡುಗ ಊರಿಗೆ ಬಂದಾಗಲೆಲ್ಲ ಅದನ್ನು 11, 12 ಎಂದು ಮೇಲೇರಿಸುತ್ತಾ ಹೋದ. ಈ ದೀಪಾವಳಿಯ ರಜೆಯಲ್ಲಿ 13 ಆಯಿತು.

ಭಾನುವಾರ ಸಂಜೆ ವಿಂಡೋಸ್ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿದೆ, ಅದು ನನಗೂ ಗೊತ್ತು, ದಯವಿಟ್ಟು ಯಾರೂ ಹೇಳಬೇಡಿ. ಕರೆಂಟ್ ಮರಳಿ ಬರುವಾಗ ಟಪ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ (ಯಂತ್ರದೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಹೋಗಿದೆ, ಶುಕ್ರವಾರ ಕೊಡುತ್ತೇನೆ ಎಂದು ರಿಪೇರಿಯವರು ಹೊತ್ತುಕೊಂಡು ಹೋದರು. ಕರೆಂಟ್ ಹೋದ ಗಳಿಗೆಯಲ್ಲಿ ನನ್ನ 1 ಟಿಬಿಯ ಹಾರ್ಡ್‌ಡಿಸ್ಕ್, ಅಂಗೈಯಗಲದ ಆ ಹೊರಗಿನ ಡಿಸ್ಕ್, ಅದೇ ಯಂತ್ರಕ್ಕೆ ಜೋಡಿಸಿಕೊಂಡಿತ್ತು. ಹನ್ನೊಂದು ವರ್ಷದ ಕೆಲಸ ಅದರಲ್ಲಿದೆ. ಈಗ ಅದನ್ನು ತೆರೆಯಬೇಕಾದರೆ ಉಳಿದಿರುವುದು ಡೆಬಿಯನ್ ಒಂದೇ.

ಭಾನುವಾರ ರಾತ್ರಿ ಡಿಸ್ಕನ್ನು ಡೆಬಿಯನ್ ಯಂತ್ರಕ್ಕೆ ಚುಚ್ಚಿದೆ. ನೀನು ಸಾಮಾನ್ಯ ಬಳಕೆದಾರ, ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಡಿಸ್ಕನ್ನು ಮೌಂಟ್ ಮಾಡುವ, ಎಂದರೆ ತೆರೆದು ಬಳಕೆಗೆ ತರುವ, ಅಧಿಕಾರ ನಿನಗಿಲ್ಲ ಎಂಬ ಅರ್ಥದ ಸಂದೇಶ ಬಂತು. ನನ್ನ ಅಂಗಡಿ, ನನ್ನ ಡಿಸ್ಕ್, ಅಧಿಕಾರ ಇಲ್ಲವಂತೆ. ಸೋಮವಾರ ಮಧ್ಯಾಹ್ನ ಒಬ್ಬ ಗಿರಾಕಿಯ ಪೆನ್‌ಡ್ರೈವ್ ಅದರಲ್ಲಿ ಇದ್ದ ಹಾಗೆಯೇ ಪಕ್ಕದ ತೂತಿಗೆ ಡಿಸ್ಕನ್ನು ಚುಚ್ಚಿದೆ. ಈ ಸಲ ಬೇರೆಯದೇ ದೋಷ: ಫೈಲ್ ಸಿಸ್ಟಮ್ಮಿನ ಬಗೆ ತಪ್ಪು, ಇಲ್ಲವೇ ಆಯ್ಕೆ ತಪ್ಪು, ಇಲ್ಲವೇ ಸೂಪರ್‌ಬ್ಲಾಕ್ ಕೆಟ್ಟಿದೆ, ಇಲ್ಲವೇ ಕೋಡ್‌ಪೇಜ್ ಇಲ್ಲ, ಅಥವಾ ಇನ್ನೇನೋ ದೋಷ. ಕವಡೆ ಹಾಕುವವರು ಕೂಡ ಇಷ್ಟೊಂದು ಸಾಧ್ಯತೆಗಳನ್ನು ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ದಿನಕ್ಕೊಂದು ರೂಪ ತೋರಿಸುವ ಕಾಯಿಲೆ ಎಂದರೆ ಡಿಸ್ಕ್ ಒಳಗೊಳಗೇ ಸಾಯುತ್ತಿದೆ ಎಂದು ನನಗೆ ಭಯ. ದೀಪಾವಳಿಯಾದ ಮೇಲೆ ಮೂರು ನಾಲ್ಕು ಸಲ ಹೀಗೆಯೇ ಹಟ ಹಿಡಿದಿತ್ತು, ಆದರೆ ವಿಂಡೋಸಿಗೆ ಹಾಕಿ ತೆಗೆದರೆ ಸರಿಯಾಗುತ್ತಿತ್ತು. ಗಿರಾಕಿಗಳ ಪೆನ್‌ಡ್ರೈವುಗಳು ಮಾತ್ರ ಎಂದಿನಂತೆ 'ಯುಎಸ್‌ಬಿ0' ಎಂಬ ಹೆಸರಿನಲ್ಲಿ ತೆರೆದುಕೊಳ್ಳುತ್ತಿವೆ.

ಅವಸರ ಏಕೆಂದರೆ, ಕ್ಯಾತ್ಸಂದ್ರದ ಒಂದು ಮನೆಯವರ ಶಿವಗಣಾರಾಧನೆ ಕಾರ್ಡು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ತೀರಿಕೊಂಡ ಹಿರಿಯರ ಒಳ್ಳೆಯ ಫೋಟೊ ಇರುವುದು ಒಂದೇ. ಮೂರು ವರ್ಷದ ಹಿಂದೆ ಮೊಮ್ಮಗಳ ಮದುವೆಯ ಕೆಲಸಕ್ಕೆಂದು ಹಳೆಯ ಗುಂಪು ಚಿತ್ರದಿಂದ ನಾನೇ ಸ್ಕ್ಯಾನ್ ಮಾಡಿ ಬಿಡಿಸಿದ್ದೆ. ಮೂಲ ಚಿತ್ರ ಅವರ ಮನೆಯಲ್ಲಿ ಈಗ ಸಿಗುತ್ತಿಲ್ಲ. ಮದುವೆಯವರಾದರೆ ಒಂದು ದಿನ ಕಾಯುತ್ತಾರೆ, ತಿಥಿಯವರು ಹೇಗೆ ಕಾಯುತ್ತಾರೆ?

ಡಿಸ್ಕ್ ಸದ್ದು ಮಾಡುತ್ತಿಲ್ಲ, ದೀಪ ಹತ್ತುತ್ತದೆ. ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿದರೆ ಫಾರ್ಮ್ಯಾಟ್ ಮಾಡಿ ಎಂದರು. ಫೋನ್ ಇಟ್ಟೆ.

ಕರ್ನಲ್ ಕುಟುಕು, ತುಮಕೂರು (ಮಂಗಳವಾರ, ರಾತ್ರಿ 10.05)

ಅಕ್ಕ, ಇದು ತುಂಬಾ ಸಾಮಾನ್ಯವಾದ ಸಮಸ್ಯೆ. ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ 'ಡರ್ಟಿ', ಎಂದರೆ ಕ್ರಮವಾಗಿ ಮುಚ್ಚಿಲ್ಲ, ಎಂಬ ಗುರುತು ಉಳಿದಿದೆ. 'ಎನ್‌ಟಿಎಫ್‌ಎಸ್‌ಫಿಕ್ಸ್' ಎಂಬ ಆಜ್ಞೆಗೆ 'ಡಿ' ಎಂಬ ಆಯ್ಕೆ ಸೇರಿಸಿ ಓಡಿಸಿ, ಗುರುತು ಅಳಿಸುತ್ತದೆ, ಡಿಸ್ಕ್ ತೆರೆಯುತ್ತದೆ. ಎರಡು ನಿಮಿಷದ ಕೆಲಸ. ನಮ್ಮ ಹಾಸ್ಟೆಲಿನಲ್ಲಿ ವಾರಕ್ಕೊಮ್ಮೆ ಯಾರಿಗಾದರೂ ಮಾಡಿಕೊಡುತ್ತೇನೆ.

ಬೆಸುಗೆ ಕಡ್ಡಿ, ಗುಬ್ಬಿ (ಮಂಗಳವಾರ, ರಾತ್ರಿ 10.20)

ಮೊದಲು ಕೇಬಲ್ ನೋಡಿ. ಕ್ಯಾಬಿನೆಟ್ಟಿನ ಮುಂದಿನ ತೂತಿಗೆ ಚುಚ್ಚಿದ್ದರೆ ತೆಗೆದು ಹಿಂದೆ, ಮದರ್‌ಬೋರ್ಡಿಗೆ ನೇರವಾಗಿ ಇರುವ ತೂತಿಗೆ ಹಾಕಿ. ಯುಎಸ್‌ಬಿ 2ರ ನಿಯಮದ ಪ್ರಕಾರ ಒಂದು ತೂತು ಕೊಡುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಕೊಡುವುದು 900. ತಿರುಗುವ ತಟ್ಟೆಯ ಡಿಸ್ಕ್ ಎದ್ದು ಓಡಲು ಶುರುಮಾಡುವಾಗ ಅದಕ್ಕಿಂತ ಹೆಚ್ಚು ಎಳೆಯುವುದುಂಟು. ಹಳೆಯ ಯಂತ್ರ, ಉದ್ದದ ಕೇಬಲ್, ಮುಂದಿನ ತೂತು, ಮೂರೂ ಕೂಡಿದರೆ ದೀಪ ಹತ್ತುತ್ತದೆ, ಡಿಸ್ಕ್ ಏಳುವುದಿಲ್ಲ. ನನ್ನ ಮೇಜಿಗೆ ಬರುವ 'ಸತ್ತ' ಡಿಸ್ಕುಗಳಲ್ಲಿ ಎಷ್ಟೋ ಬದುಕಿಯೇ ಇರುತ್ತವೆ, ಸತ್ತಿರುವುದು ಕೇಬಲ್.

ಚಿಂತಾಮಣಿ ಮೇಷ್ಟ್ರು (ಮಂಗಳವಾರ, ರಾತ್ರಿ 11.10)

ಅಮ್ಮ, ಎನ್‌ಟಿಎಫ್‌ಎಸ್‌ಫಿಕ್ಸ್ ಈಗ ಬೇಡ. ಇನ್ನೂ ಓಡಿಸಿಲ್ಲ ಎಂದುಕೊಂಡಿದ್ದೇನೆ.

ಕುಟುಕು ಹೇಳಿದ ರೋಗ ಸರಿ, ಮದ್ದು ಅವಸರದ್ದು. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬುದರ ಹೆಸರು ದೊಡ್ಡದು, ಕೆಲಸ ಚಿಕ್ಕದು. ಅದು ಕೆಲವು ಮೇಲುಮೇಲಿನ ದೋಷಗಳನ್ನು ಸರಿಪಡಿಸುತ್ತದೆ, ಜರ್ನಲನ್ನು (ಡಿಸ್ಕಿನ ಬದಲಾವಣೆಗಳ ದಿನಚರಿಯನ್ನು) ಬರಿದು ಮಾಡುತ್ತದೆ, ಆ ಆಯ್ಕೆ ಕೊಟ್ಟರೆ ಗುರುತನ್ನೂ ಅಳಿಸುತ್ತದೆ. ವಿಂಡೋಸಿನ ಚೆಕ್‌ಡಿಸ್ಕ್ ಮಾಡುವ ಪರೀಕ್ಷೆಯನ್ನು ಅದು ಮಾಡುವುದಿಲ್ಲ. ಬರೆಯುವ ಹೊತ್ತಿನಲ್ಲೇ ಕರೆಂಟ್ ಹೋದ ಡಿಸ್ಕಿನಲ್ಲಿ ಹನ್ನೊಂದು ವರ್ಷದ ಕೆಲಸ ಇರುವಾಗ, ಇನ್ನೊಂದು ಪ್ರತಿ ಇಲ್ಲದಿರುವಾಗ, ಅದರ ಮೇಲೆ ಯಾವ ಆಜ್ಞೆಯೂ ಒಂದು ಅಕ್ಷರವನ್ನೂ ಬರೆಯಬಾರದು. ಮೊದಲು ಓದಿ, ನಕಲು ತೆಗೆಯಿರಿ. ರಿಪೇರಿ ಆಮೇಲೆ.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನೀವು ಹೇಳಿದ ಎರಡು ದೋಷಗಳು ಒಂದೇ ಬಾಯಿಯಿಂದ ಬಂದವಲ್ಲ. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್ ಓದಲು ಎರಡು ದಾರಿಗಳಿವೆ. ಹಳೆಯದು ಎನ್‌ಟಿಎಫ್‌ಎಸ್-3ಜಿ, ಕರ್ನಲ್ಲಿನ, ಎಂದರೆ ಲಿನಕ್ಸಿನ ತಿರುಳಿನ, ಹೊರಗೆ ನಿಂತು ಕೆಲಸ ಮಾಡುತ್ತದೆ. ಹೊಸದು ಎನ್‌ಟಿಎಫ್‌ಎಸ್3, ಪ್ಯಾರಗಾನ್ ಕಂಪನಿಯವರು ಬರೆದುಕೊಟ್ಟದ್ದು, 2021ರಲ್ಲಿ 5.15ರ ಕರ್ನಲ್ಲಿನೊಳಗೆ ಸೇರಿತು. ಭಾನುವಾರದ 'ಅಧಿಕಾರವಿಲ್ಲ' ಎಂಬುದು ಹಳೆಯದರ ಮಾತು. ಸೋಮವಾರದ ಕವಡೆ ಶಾಸ್ತ್ರ ಬರುವುದು ಹೊಸದು ಒಪ್ಪದೆ ಇದ್ದಾಗ. ಡಿಸ್ಕ್ ಒಂದೇ, ಯಂತ್ರ ಒಂದೇ, ಆದರೂ ಭಾನುವಾರ ಒಂದು ದಾರಿ, ಸೋಮವಾರ ಇನ್ನೊಂದು. ಏಕೆ? ಭಾನುವಾರ ಡಿಸ್ಕ್ ಮೊದಲು ಬಂದಿತ್ತು, ಸೋಮವಾರ ಪೆನ್‌ಡ್ರೈವಿನ ಹಿಂದೆ ಎರಡನೆಯದಾಗಿ ಬಂತು. ಜೊತೆಗೆ, ಯಾರ ಪೆನ್‌ಡ್ರೈವ್ ಹಾಕಿದರೂ 'ಯುಎಸ್‌ಬಿ0' ಎಂದೇ ತೆರೆಯುತ್ತದೆ ಎಂದು ಹೇಳಿದಿರಿ. ಸಾಮಾನ್ಯವಾಗಿ ಪೆನ್‌ಡ್ರೈವ್ ತನ್ನ ಸ್ವಂತ ಹೆಸರಿನಲ್ಲಿ ತೆರೆಯಬೇಕು.

ಆಜ್ಞೆಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಟರ್ಮಿನಲ್ಲಿನಲ್ಲಿ ಅವೇ ಅಕ್ಷರಗಳನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಒತ್ತಿ. ಯಾವುದೂ ಡಿಸ್ಕಿಗೆ ಬರೆಯುವುದಿಲ್ಲ.

ಎಲ್ಲವನ್ನೂ ಕಿತ್ತು, ಡಿಸ್ಕ್ ಒಂದನ್ನೇ ಗುಬ್ಬಿಯವರು ಹೇಳಿದ ಹಾಗೆ ಹಿಂದಿನ ತೂತಿಗೆ ಹಾಕಿ:

ಎಲ್‌ಎಸ್‌ಬಿಎಲ್‌ಕೆ -ಎಫ್

ಡಿಸ್ಕ್ ಕಾಣುತ್ತದೆಯೇ, ಎನ್‌ಟಿಎಫ್‌ಎಸ್ ಎಂದು ಗುರುತಿಸುತ್ತದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಮುಂದೆ,

ಕ್ಯಾಟ್ /ಇಟಿಸಿ/ಎಫ್‌ಎಸ್‌ಟ್ಯಾಬ್

ಯಾವ ಡಿಸ್ಕನ್ನು ಎಲ್ಲಿ ತೆರೆಯಬೇಕು ಎಂದು ಬರೆದಿಟ್ಟ ಕಡತ ಇದು. ಇದರಲ್ಲಿ 'ಯುಎಸ್‌ಬಿ0' ಎಂಬ ಪದವಿರುವ ಸಾಲು ಇದ್ದರೆ ಅದನ್ನು ಇದ್ದ ಹಾಗೆ ಇಲ್ಲಿ ಬರೆಯಿರಿ. ಕೊನೆಗೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಮನ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು,

ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ

ಅದು ತೋರಿಸುವ ಉದ್ದದ ಪಟ್ಟಿಯಲ್ಲಿ 5ನೆಯ ಮತ್ತು 197ನೆಯ ಸಂಖ್ಯೆಯ ಸಾಲುಗಳ ಬಲತುದಿಯ ಅಂಕಿ ಸಾಕು. 5 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ಮನೆಗಳು). 197 ಎಂದರೆ ಓದಲು ಬಾರದೆ ಇತ್ಯರ್ಥಕ್ಕೆ ಕಾಯುತ್ತಿರುವವು. 197ರಲ್ಲಿ ಸೊನ್ನೆ ಇಲ್ಲದಿದ್ದರೆ ಅಲ್ಲಿಗೇ ಕೈ ತೆಗೆಯಿರಿ. ಆಗ ಡಿಡಿರೆಸ್ಕ್ಯೂ ಎಂಬುದರಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಆ ಪಡಿಯಚ್ಚಿನಲ್ಲಿ ಹುಡುಕಬೇಕಾಗುತ್ತದೆ.

ರಾತ್ರಿ ಎಚ್ಚರವಿರುತ್ತೇನೆ, ಉತ್ತರ ಪತ್ರಿಕೆಗಳ ಕಟ್ಟು ಎದುರಿಗಿದೆ.

ಮೊಳೆಜೋಡಣೆ, ತುಮಕೂರು (ಬುಧವಾರ, ಬೆಳಗ್ಗೆ 7.15)

ಮೇಷ್ಟ್ರೇ, ನಿಮ್ಮನ್ನು ಕಾಯಿಸಿದೆ, ಕ್ಷಮಿಸಿ. ಯಂತ್ರ ಇರುವುದು ಅಂಗಡಿಯಲ್ಲಿ, ರಾತ್ರಿ ನಾನಿದ್ದದ್ದು ಮನೆಯಲ್ಲಿ. ಬೆಳಗ್ಗೆ ಹಾಲಿನವನಿಗಿಂತ ಮೊದಲು ಬಂದು ಶಟರ್ ಎತ್ತಿದ್ದೇನೆ. ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿಲ್ಲ. ಕುಟುಕಣ್ಣನ ಮೇಲೆ ಅಪನಂಬಿಕೆಯಿಂದಲ್ಲ, ಎರಡೇ ನಿಮಿಷದ ಕೆಲಸ ಎಂದು ಯಾರೇ ಹೇಳಿದರೂ ನನಗೆ ದಿಗಿಲು.

ಡಿಸ್ಕ್ ಕಾಣುತ್ತದೆ. ಎಸ್‌ಡಿಬಿ1, ಎನ್‌ಟಿಎಫ್‌ಎಸ್, ನಾನು ಇಟ್ಟ ಹೆಸರೂ ಇದೆ. 5ರಲ್ಲಿ 0, 197ರಲ್ಲಿ 0.

ಎಫ್‌ಎಸ್‌ಟ್ಯಾಬಿನಲ್ಲಿ ಕೊನೆಯ ಸಾಲು ಹೀಗಿದೆ:

/ಡೆವ್/ಎಸ್‌ಡಿಬಿ1 /ಮೀಡಿಯ/ಯುಎಸ್‌ಬಿ0 ಆಟೊ ಆರ್‌ಡಬ್ಲ್ಯು,ಯೂಸರ್,ನೊಆಟೊ 0 0

ಇದನ್ನು ನಾನು ಬರೆದಿಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿ ಎಬ್ಬಿಸಿ ಕೇಳಿದೆ, ಅವನೂ ಬರೆದಿಲ್ಲವಂತೆ. ಮತ್ತೆ ಯಾರು?

ಚಿಂತಾಮಣಿ ಮೇಷ್ಟ್ರು (ಬುಧವಾರ, ಬೆಳಗ್ಗೆ 7.40)

ಇನ್‌ಸ್ಟಾಲರ್ ಬರೆದದ್ದು. ಹುಡುಗನ ತಪ್ಪಿಲ್ಲ, ಮಲಗಲು ಬಿಡಿ.

2019ರಲ್ಲಿ ಅವನು ಪೆನ್‌ಡ್ರೈವಿನಿಂದ ಡೆಬಿಯನ್ ಹಾಕುವಾಗ ಆ ಪೆನ್‌ಡ್ರೈವ್ ಎಸ್‌ಡಿಬಿ1 ಆಗಿತ್ತು. ಇನ್‌ಸ್ಟಾಲರ್ ಅದನ್ನು ಸಿಡಿ ಡ್ರೈವಿನ ಹಾಗೆ ಯಂತ್ರದ ಕಾಯಂ ಭಾಗವೆಂದು ತಿಳಿದು ಎಫ್‌ಎಸ್‌ಟ್ಯಾಬಿನಲ್ಲಿ ದಾಖಲು ಮಾಡಿತು. ಪೆನ್‌ಡ್ರೈವ್ ಅಂದೇ ಹೋಯಿತು, ದಾಖಲೆ ಉಳಿಯಿತು. 11, 12, 13 ಎಂದು ಮೇಲೇರಿಸಿದಾಗಲೂ ಆ ಕಡತವನ್ನು ಯಾರೂ ಮುಟ್ಟುವುದಿಲ್ಲ. ತೀರಿಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದ ಹಾಗೆ.

ಎಸ್‌ಡಿಎ ಎಂಬುದು ನಿಮ್ಮ ಯಂತ್ರದ ಒಳಗಿನ ಡಿಸ್ಕ್. ಆಮೇಲೆ ಮೊದಲು ಚುಚ್ಚಿದ್ದು ಎಸ್‌ಡಿಬಿ, ಎರಡನೆಯದು ಎಸ್‌ಡಿಸಿ. ಮೊದಲು ಬಂದದ್ದು ಯಾವುದೇ ಇರಲಿ, ಆ ಹಳೆಯ ಸಾಲು ಅದನ್ನು ಹಿಡಿದು 'ಯುಎಸ್‌ಬಿ0'ಗೆ ಎಳೆಯುತ್ತದೆ. ಅದು 'ಫ್ಯಾಟ್' ಎಂಬ ಪದ್ಧತಿಯ ಪೆನ್‌ಡ್ರೈವ್ ಆದರೆ ಹೇಗೋ ತೆರೆಯುತ್ತದೆ, ಆರು ವರ್ಷ ನಿಮಗೆ ಗೊತ್ತಾಗದೆ ನಡೆದದ್ದು ಹಾಗೆ. ಎನ್‌ಟಿಎಫ್‌ಎಸ್ ಆದರೆ ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ಎನ್‌ಟಿಎಫ್‌ಎಸ್-3ಜಿಯನ್ನು ಕರೆಯುತ್ತದೆ, ಅದು ಅಧಿಕಾರ ಪತ್ರ ಕೇಳುತ್ತದೆ. ಇದು ಭಾನುವಾರದ ಕಥೆ. ಸೋಮವಾರ ಡಿಸ್ಕ್ ಎಸ್‌ಡಿಸಿ1 ಆಗಿ ಆ ಸಾಲಿನಿಂದ ತಪ್ಪಿಸಿಕೊಂಡಿತು. ಡೆಸ್ಕ್‌ಟಾಪಿನ ಪರವಾಗಿ ಡಿಸ್ಕುಗಳನ್ನು ನೋಡಿಕೊಳ್ಳುವ ಯುಡಿಸ್ಕ್ಸ್ ಎಂಬುದು ನೇರವಾಗಿ ಎನ್‌ಟಿಎಫ್‌ಎಸ್3ನ್ನು ಕರೆಯಿತು. ಅದು ಡರ್ಟಿ ಗುರುತು ನೋಡಿ ಒಲ್ಲೆ ಎಂದಿತು. ಎಂದರೆ ಡಿಸ್ಕ್ ದಿನದಿನಕ್ಕೆ ಹದಗೆಡುತ್ತಿಲ್ಲ, ಅದು ನಿಂತ ಸರತಿ ಬದಲಾಗಿದೆ ಅಷ್ಟೆ.

ಈಗ ಫೋಟೊ. ಡರ್ಟಿ ಡಿಸ್ಕಿಗೆ ಬರೆಯಲು ಎನ್‌ಟಿಎಫ್‌ಎಸ್3 ಒಪ್ಪುವುದಿಲ್ಲ, ಓದಲು ಮಾತ್ರ ಎಂದರೆ ಒಪ್ಪುತ್ತದೆ:

ಸುಡೊ ಮೌಂಟ್ -ಟಿ ಎನ್‌ಟಿಎಫ್‌ಎಸ್3 -ಒ ಆರ್‌ಒ /ಡೆವ್/ಎಸ್‌ಡಿಬಿ1 /ಎಂಎನ್‌ಟಿ

'ಆರ್‌ಒ' ಎಂಬ ಎರಡಕ್ಷರ ಬಿಡಬೇಡಿ. 'ಫೋರ್ಸ್' ಸೇರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಮೇಲೆ ಫೈಲ್ ಮ್ಯಾನೇಜರಿನಲ್ಲಿ ಎಂಎನ್‌ಟಿ ಫೋಲ್ಡರ್ ತೆರೆದು, ಮೊದಲು ಆ ಫೋಟೊವನ್ನು ಒಳಗಿನ ಡಿಸ್ಕಿಗೆ ನಕಲು ಮಾಡಿ. ಮೂರು ವರ್ಷದ ಹಿಂದೆ ಬರೆದ ಫೈಲು ಭಾನುವಾರದ ಕರೆಂಟಿಗೆ ಕೆಟ್ಟಿರುವ ಸಂಭವ ಕಡಿಮೆ. ಅನುಮಾನ ಇರುವುದೇನಿದ್ದರೂ ಆ ಸಂಜೆ ಬರೆಯುತ್ತಿದ್ದವುಗಳ ಮೇಲೆ.

ಮೊಳೆಜೋಡಣೆ, ತುಮಕೂರು (ಬುಧವಾರ, ಬೆಳಗ್ಗೆ 8.25)

ಸಿಕ್ಕಿತು. ಸಿಕ್ಕಿತು ಮೇಷ್ಟ್ರೇ. ಪೇಟ, ವಿಭೂತಿ, ಮೀಸೆ, ಎಲ್ಲ ಇದೆ. ಎರಡು ಕಡೆ ನಕಲು ಮಾಡಿದ್ದೇನೆ.

ಆದರೆ ಒಂದು ಗಾಬರಿ. ಉಳಿದದ್ದೂ ಸರಿಯಿದೆಯೇ ಎಂದು ನೋಡಲು, ಕಾರ್ಡುಗಳ ಒಕ್ಕಣೆ ಬರೆದಿಟ್ಟ ನಾಲ್ಕೈದು ಫೈಲ್ ತೆರೆದೆ. ಕನ್ನಡ ಒಂದಕ್ಷರವೂ ಇಲ್ಲ. ಎಲ್ಲ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು, ಚುಕ್ಕಿ, ಹಣ್ಣುಹುಳು ಮುತ್ತಿದ ಹಾಗೆ. ಇವು ಕೆಟ್ಟಿವೆಯೇ?

ಕರ್ನಲ್ ಕುಟುಕು, ತುಮಕೂರು (ಬುಧವಾರ, ಬೆಳಗ್ಗೆ 8.30)

ಅಕ್ಕ, ಇದಕ್ಕೆ ನಾನೇ ಉತ್ತರ ಕೊಡುತ್ತೇನೆ, ನಿನ್ನೆಯದಕ್ಕೆ ಪ್ರಾಯಶ್ಚಿತ್ತವಾಗಿ. ಫೈಲ್ ಕೆಟ್ಟಿಲ್ಲ. ನೀವು ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ್ದೀರಿ, ಯೂನಿಕೋಡಿನಲ್ಲಿ ಅಲ್ಲ. ಆ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ. ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಡೆಬಿಯನ್ ಯಂತ್ರದಲ್ಲಿ ಆ ಫಾಂಟ್ ಇಲ್ಲ. 'ನುಡಿ 01 ಇ' ಫಾಂಟನ್ನು ಅಲ್ಲಿಗೆ ಹಾಕಿ, ಲಿಬ್ರೆಆಫೀಸಿನಲ್ಲಿ ಫೈಲ್ ತೆರೆದು, ಅದೇ ಫಾಂಟ್ ಆರಿಸಿ ನೋಡಿ.

ಮೊಳೆಜೋಡಣೆ, ತುಮಕೂರು (ಬುಧವಾರ, ಬೆಳಗ್ಗೆ 9.10)

ನಾಚಿಕೆಯಾಯಿತು. ಇಪ್ಪತ್ತು ವರ್ಷ ನುಡಿಯಲ್ಲೇ ಟೈಪ್ ಮಾಡಿದವಳಿಗೆ, ಫಾಂಟಿನ ಬಟ್ಟೆ ತೆಗೆದರೆ ಗುರುತು ಸಿಗಲಿಲ್ಲ. ಎಲ್ಲ ಸರಿಯಿದೆ. ಪ್ರಾಯಶ್ಚಿತ್ತ ಮುಗಿಯಿತು ಎಂದುಕೊಳ್ಳಿ ತಮ್ಮಾ.

ಇನ್ನೊಂದು ಪ್ರಶ್ನೆ, ಅವಸರವಿಲ್ಲ. ಆ ಡರ್ಟಿ ಗುರುತು ನನಗೆ ಸೂತಕದ ಹಾಗೆ ಕಾಣುತ್ತಿದೆ. ಭಾನುವಾರದ್ದು ಕರೆಂಟಿನಿಂದ ಬಂತು, ಒಪ್ಪಿದೆ. ದೀಪಾವಳಿಯಾದ ಮೇಲೆ ಮೂರು ನಾಲ್ಕು ಸಲ ಬಂದದ್ದು ಯಾವುದರಿಂದ? ಆಗೆಲ್ಲ ನಾನು ಯಂತ್ರವನ್ನು ಕ್ರಮವಾಗಿಯೇ ಆರಿಸಿ, ದೀಪ ಆರಿದ ಮೇಲೆಯೇ ಡಿಸ್ಕ್ ಕಿತ್ತಿದ್ದೆ.

ಚಿಂತಾಮಣಿ ಮೇಷ್ಟ್ರು (ಬುಧವಾರ, ಸಂಜೆ 5.30)

ಶಾಲೆ ಮುಗಿಸಿ ಬಂದೆ. ಸೂತಕ ಎಂಬುದು ಬಹಳ ಸರಿಯಾದ ಮಾತು. ಡಿಸ್ಕನ್ನು ಮೌಂಟ್ ಮಾಡಿ ಬರೆಯಲು ಶುರುಮಾಡಿದಾಗ ಗುರುತು ಹತ್ತುತ್ತದೆ, ಕ್ರಮವಾಗಿ ಬಿಡಿಸಿದಾಗ ಕಳೆಯುತ್ತದೆ. ನಡುವೆ ಕಿತ್ತರೆ ಉಳಿಯುತ್ತದೆ. ಎನ್‌ಟಿಎಫ್‌ಎಸ್‌ಫಿಕ್ಸಿನಿಂದ ಗುರುತು ಅಳಿಸುವುದೆಂದರೆ ಸ್ನಾನ ಮಾಡದೆಯೇ ಸೂತಕ ಕಳೆಯಿತು ಎಂದು ಪಂಚಾಂಗದಲ್ಲಿ ಬರೆದುಕೊಂಡ ಹಾಗೆ.

ನೀವು ಆರಿಸಿದೆ ಎಂದಿರಿ. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, 'ಶಟ್‌ಡೌನ್' ಒತ್ತಿದರೆ ವಿಂಡೋಸ್ ಪೂರ್ತಿ ಆರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ: ಬಳಕೆದಾರರ ಕಾರ್ಯಕ್ರಮಗಳನ್ನು ಮುಚ್ಚಿ, ತನ್ನ ಕರ್ನಲ್ಲನ್ನು ಮಾತ್ರ ಹೈಬರ್ನೇಟ್ ಮಾಡಿಟ್ಟು, ಎಂದರೆ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಮಲಗುತ್ತದೆ. ಬೆಳಗ್ಗೆ ಬೇಗ ಏಳಲೆಂದು. ಆಗ ಜೋಡಿಸಿಕೊಂಡಿದ್ದ ಡಿಸ್ಕು ಅದರ ಲೆಕ್ಕದಲ್ಲಿ ಇನ್ನೂ ಕೈಯಲ್ಲೇ ಇರುತ್ತದೆ. ನೀವು ಕಿತ್ತುಕೊಂಡು ಬಂದು ಡೆಬಿಯನ್‌ಗೆ ಹಾಕಿದಿರಿ. ಮೊದಲು ಎನ್‌ಟಿಎಫ್‌ಎಸ್-3ಜಿ ಇದನ್ನು ಎಷ್ಟೋ ಸಲ ನೋಡಿಯೂ ನೋಡದಂತೆ ಬಿಡುತ್ತಿತ್ತು. 13ಕ್ಕೆ ಏರಿದ ಮೇಲೆ ಬಾಗಿಲಲ್ಲಿ ನಿಂತಿರುವುದು ಎನ್‌ಟಿಎಫ್‌ಎಸ್3, ಅದು ಬಿಡುವುದಿಲ್ಲ. ದೀಪಾವಳಿಯಾದ ಮೇಲೆ ಶುರುವಾದದ್ದು ಅದಕ್ಕೇ ಇರಬೇಕು.

ಶುಕ್ರವಾರ ಯಂತ್ರ ಬಂದ ಮೇಲೆ ಕಂಟ್ರೋಲ್ ಪ್ಯಾನಲ್ಲಿನಲ್ಲಿ ಪವರ್ ಬಟನ್ನಿನ ಆಯ್ಕೆಗಳೊಳಗೆ ಫಾಸ್ಟ್ ಸ್ಟಾರ್ಟಪನ್ನು ತೆಗೆದುಹಾಕಿ. ಡಿಸ್ಕ್ ಕೀಳುವ ಮೊದಲು 'ಇಜೆಕ್ಟ್' ಒತ್ತುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಡೆಬಿಯನ್ ಕಡೆಯಲ್ಲೂ ಅಷ್ಟೇ: ನಕಲಿನ ಪಟ್ಟಿ ತುದಿ ಮುಟ್ಟಿದರೂ ಎಷ್ಟೋ ಭಾಗ ಇನ್ನೂ ಮೆಮೊರಿಯಲ್ಲೇ ಇರುತ್ತದೆ, ಪೆನ್‌ಡ್ರೈವಿಗೆ ಇಳಿದಿರುವುದಿಲ್ಲ. ಇಜೆಕ್ಟ್ ಒತ್ತಿ, ಈಗ ತೆಗೆಯಬಹುದು ಎಂದ ಮೇಲೆ ಕೀಳಿ.

ಚೆಕ್‌ಡಿಸ್ಕ್ ಮಾಡುವ ಮೊದಲು ಇಡೀ ಡಿಸ್ಕಿನ ನಕಲು ಇನ್ನೊಂದು ಡಿಸ್ಕಿಗೆ ಹೋಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಆಮೇಲೆ ವಿಂಡೋಸಿನಲ್ಲಿ ಡಿಸ್ಕಿನ ಅಕ್ಷರ ಸೇರಿಸಿ 'ಸಿಎಚ್‌ಕೆಡಿಎಸ್‌ಕೆ /ಎಫ್' ಓಡಿಸಿ.

ಎಫ್‌ಎಸ್‌ಟ್ಯಾಬಿನ ಆ ಸಾಲಿಗೆ ಮೊದಲು ಕಡತದ ಒಂದು ನಕಲು ಇಟ್ಟುಕೊಂಡು, ಸಾಲಿನ ಮುಂದೆ # ಹಾಕಿ ಉಳಿಸಿ. ಮೇಲಿನ ಸಾಲುಗಳನ್ನು ಮುಟ್ಟಬೇಡಿ, ಯಂತ್ರ ಏಳುವುದು ಅವುಗಳ ಆಧಾರದ ಮೇಲೆ. ಆಮೇಲೆ 'ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್', ಇಲ್ಲವೇ ಒಮ್ಮೆ ಆರಿಸಿ ಹಚ್ಚಿ.

ಟೊಮೆಟೊ ಮಂಡಿ, ಕೋಲಾರ (ಬುಧವಾರ, ರಾತ್ರಿ 8.00)

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನದೂ ಮೌಂಟ್ ಆಗುತ್ತಿಲ್ಲ. ಸಂತೆಯಲ್ಲಿ 350 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಕೊಂಡೆ. ಮಂಡಿಯ ಸಿಸಿಟಿವಿ ವಿಡಿಯೊಗಳನ್ನು ತುಂಬಿಸಿದೆ. ಮೊದಲ ಮೂವತ್ತು ಜಿಬಿ ಚೆನ್ನಾಗಿತ್ತು. ಆಮೇಲೆ ತುಂಬಿಸಿದ ಯಾವ ಫೈಲೂ ತೆರೆಯಲಿಲ್ಲ, ಈಗ ಪೆನ್‌ಡ್ರೈವೇ ತೆರೆಯುತ್ತಿಲ್ಲ. ನಾನೂ ಈ ಎಫ್‌ಎಸ್‌ಟ್ಯಾಬ್ ನೋಡಬೇಕೇ?

ಬೆಸುಗೆ ಕಡ್ಡಿ, ಗುಬ್ಬಿ (ಬುಧವಾರ, ರಾತ್ರಿ 8.10)

ನೀವು ನೋಡಬೇಕಾದದ್ದು ಬೆಲೆ. ಅದು 2 ಟಿಬಿ ಅಲ್ಲ. ಒಳಗೆ ಚಿಕ್ಕ ಚಿಪ್ ಇಟ್ಟು, ದೊಡ್ಡದೆಂದು ಸುಳ್ಳು ಹೇಳುವಂತೆ ಕಂಟ್ರೋಲರನ್ನು ತಿದ್ದಿರುತ್ತಾರೆ. ಜಾಗ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬೀಳುತ್ತದೆ. ಫೈಲುಗಳ ಪಟ್ಟಿಯೇ ಅಳಿದರೆ ಮೌಂಟ್ ಆಗುವುದೂ ನಿಲ್ಲುತ್ತದೆ. ಎಫ್3 ಎಂಬ ಪರೀಕ್ಷಾ ಪ್ಯಾಕೇಜ್ ಡೆಬಿಯನ್, ಉಬುಂಟು ಎರಡರಲ್ಲೂ ಸಿಗುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿ, ಅದರ 'ಎಫ್3ರೈಟ್' ಓಡಿಸಿ ತುಂಬಿಸಿ, 'ಎಫ್3ರೀಡ್' ಓಡಿಸಿ ಓದಿಸಿದರೆ ನಿಜವಾಗಿ ಎಷ್ಟಿದೆ ಎಂದು ಹೇಳುತ್ತದೆ. ಮೂವತ್ತರ ಆಸುಪಾಸು ಎಂದು ನನ್ನ ಲೆಕ್ಕ. ವಿಡಿಯೊಗಳ ಮೂಲ ಸಿಸಿಟಿವಿ ಪೆಟ್ಟಿಗೆಯಲ್ಲಿ ಅಳಿಸಿ ಹೋಗುವ ಮೊದಲು ಬೇರೆ ಕಡೆ ತೆಗೆದುಕೊಳ್ಳಿ.

ಟೊಮೆಟೊ ಮಂಡಿ, ಕೋಲಾರ (ಬುಧವಾರ, ರಾತ್ರಿ 8.15)

ಮೂರು ಕೊಂಡಿದ್ದೆ.

ಮೊಳೆಜೋಡಣೆ, ತುಮಕೂರು (ಭಾನುವಾರ, ಬೆಳಗ್ಗೆ 11.00)

ಕೇಳಿ ಉತ್ತರ ಪಡೆದು ಮಾಯವಾಗುವವರ ಸಾಲಿಗೆ ಸೇರಬಾರದೆಂದು ಬರೆಯುತ್ತಿದ್ದೇನೆ.

ಕಾರ್ಡು ಬುಧವಾರ ಸಂಜೆ ಏಳಕ್ಕೆ ಪ್ರೆಸ್ಸಿಗೆ ಹೋಯಿತು. ವಿಂಡೋಸ್ ಯಂತ್ರ ಇಲ್ಲದ್ದರಿಂದ ಡೆಬಿಯನ್‌ನಲ್ಲೇ ಇಂಕ್‌ಸ್ಕೇಪ್ ಎಂಬುದನ್ನು ಹಾಕಿ ಪುಟ ಕಟ್ಟಿದೆ. ಮೊದಲ ಸಲ, ಬೆವರಿಳಿಯಿತು, ಅಂಚಿನ ಬಳ್ಳಿಚಿತ್ತಾರ ಸ್ವಲ್ಪ ಎಡಕ್ಕೆ ವಾಲಿದೆ. ಮನೆಯವರು ನೋಡಿದ್ದು ಫೋಟೊವನ್ನು ಮಾತ್ರ.

ಗುರುವಾರ ಹೊಸ ಡಿಸ್ಕ್ ಕೊಂಡೆ, ಅಂಗಡಿಯಿಂದ, ಬಿಲ್ಲು ಹಾಕಿಸಿ, ಕೋಲಾರದ ಅಣ್ಣನವರನ್ನು ನೆನೆಯುತ್ತಾ. ಹಳೆಯದನ್ನು ಆರ್‌ಒ ಇಟ್ಟೇ ಪೂರ್ತಿ ನಕಲು ಮಾಡಿದೆ. ರಾತ್ರಿ ಬಿಟ್ಟು ಹೋಗಿ ಬೆಳಗ್ಗೆ ಬಂದರೆ ಇನ್ನೂ ಓಡುತ್ತಿತ್ತು. ಶುಕ್ರವಾರ ಬರಬೇಕಾದ ಯಂತ್ರ ಶನಿವಾರ ಬಂತು. ಚೆಕ್‌ಡಿಸ್ಕ್ ಓಡಿಸಿದೆ. ಭಾನುವಾರ ಸಂಜೆ ಕೆಲಸ ಮಾಡುತ್ತಿದ್ದ ಒಂದು ಕರಪತ್ರದ ಫೈಲು ತುಂಡಾಗಿ 'ಫೌಂಡ್.000' ಎಂಬ ಫೋಲ್ಡರಿನಲ್ಲಿ ಬಿದ್ದಿತ್ತು. ಸಿದ್ಧಗಂಗೆಯ ಜಾತ್ರೆಯಲ್ಲಿ ಅಂಗಡಿ ಹಾಕುವವರದ್ದು, ಮತ್ತೆ ಮಾಡಿಕೊಟ್ಟೆ. ಬೇರೇನೂ ಹೋಗಿಲ್ಲ. ಫಾಸ್ಟ್ ಸ್ಟಾರ್ಟಪ್ ತೆಗೆದೆ. ಯಂತ್ರ ಈಗ ಬೆಳಗ್ಗೆ ಏಳಲು ಅರ್ಧ ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ದೇವರಿಗೆ ಊದುಕಡ್ಡಿ ಹಚ್ಚುತ್ತೇನೆ.

ಎಫ್‌ಎಸ್‌ಟ್ಯಾಬಿನ ಸಾಲಿಗೆ # ಹಾಕಿದ್ದೇನೆ. ಅಳಿಸಿಲ್ಲ. ಈಗ ಪೆನ್‌ಡ್ರೈವುಗಳು ತಮ್ಮ ತಮ್ಮ ಹೆಸರಿನಲ್ಲಿ ಬರುತ್ತಿವೆ. ನಿನ್ನೆ ಒಬ್ಬ ಗೌರವಸ್ಥ ಗಿರಾಕಿಯ ಪೆನ್‌ಡ್ರೈವಿನ ಹೆಸರು ಪರದೆಯ ಮೇಲೆ ಮೂಡಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು. 'ಯುಎಸ್‌ಬಿ0' ಇದ್ದಾಗ ಈ ಕಷ್ಟ ಇರಲಿಲ್ಲ.

ಯುಪಿಎಸ್ ಬ್ಯಾಟರಿಗೆ ಎರಡು ಅಂಗಡಿಯಲ್ಲಿ ಬೆಲೆ ಕೇಳಿದ್ದೇನೆ, ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳವಿಲ್ಲ. ಗುಬ್ಬಿಯವರೇ, ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ, ಬನ್ನಿ.